7-ಇನ್-1, 9-ಇನ್-1, 10-ಇನ್-1: ದಾವಣಗೆರೆ ಕಡೆ ನಾಯಿಮರಿಗೆ ಯಾವ ಲಸಿಕೆ ಹಾಕಿಸಬೇಕು?

ವಿದ್ಯಾನಗರ_ದಾವಣಗೆರೆ

ಲ್ಯಾಬ್ರಡಾರ್ ಹೆಣ್ಣುಮರಿ, ಹುಟ್ಟಿದ್ದು ಜೂನ್ 10. ಕೊಟ್ಟವರು ಜುಲೈ 25ಕ್ಕೆ, ಅಂದರೆ 45ನೇ ದಿನಕ್ಕೆ ಒಂದು ಸೂಜಿ ಹಾಕಿಸಿ ಕಾರ್ಡಿನಲ್ಲಿ ‘ಪಪ್ಪಿ ಡಿಪಿ’ ಅಂತ ಬರೆಸಿದ್ದಾರೆ. ಮುಂದಿನದಕ್ಕೆ ಒಬ್ಬರು 7-ಇನ್-1 ಸಾಕು ಅಂತಾರೆ, ಇನ್ನೊಬ್ಬರು 9-ಇನ್-1 ಹಾಕ್ಸಿ ಅಂತಾರೆ, ಪೆಟ್ ಅಂಗಡಿಯಲ್ಲಿ 10-ಇನ್-1 ತೋರಿಸ್ತಾರೆ. ರೇಟು ಏರಿದಂಗೆ ರಕ್ಷಣೆನೂ ಏರುತ್ತಾ? ಮನೆ ಹಿಂದೆ ಖಾಲಿ ಸೈಟು, ಅಲ್ಲಿ ಬೀದಿನಾಯಿ, ಹೆಗ್ಗಣ ಎರಡೂ ಇವೆ. 21 ದಿನಕ್ಕೊಂದರಂತೆ ಮೂರು ಸೂಜಿ ಆದ್ರೆ ಮುಗೀತಾ? ರೇಬಿಸ್‌ದು ಯಾವಾಗ?

ಪಶುವೈದ್ಯ_ದುರ್ಗ

ಅಂಕಿ ಬಿಡಿ, ಲೇಬಲ್ ಮೇಲಿನ ಅಕ್ಷರ ಓದಿ. ಡಿ ಎಂದರೆ ಡಿಸ್ಟೆಂಪರ್ (ಜ್ವರದಿಂದ ನರಗಳವರೆಗೆ ಹೋಗುವ ರೋಗ), ಎಚ್ ಎಂದರೆ ಹೆಪಟೈಟಿಸ್ (ಲಿವರಿನ ರೋಗ), ಪಿ ಎಂದರೆ ಪಾರ್ವೋ (ವಾಂತಿ, ರಕ್ತಭೇದಿಯ ರೋಗ), ಪಿಐ ಎಂದರೆ ಪ್ಯಾರಾಇನ್‌ಫ್ಲುಯೆಂಜಾ (ಕೆಮ್ಮಿನ ರೋಗ), ಎಲ್ ಎಂದರೆ ಲೆಪ್ಟೊಸ್ಪೈರಾ, ನಮ್ಮ ಕಡೆ ಇಲಿಜ್ವರ ಅಂತಾರಲ್ಲ ಅದು. ಡಿಸ್ಟೆಂಪರ್, ಹೆಪಟೈಟಿಸ್, ಪಾರ್ವೋ ಈ ಮೂರನ್ನು ಯಾವ ಜಾತಿಯ ಮರಿಗೂ ತಪ್ಪಿಸುವಂತಿಲ್ಲ. ಜೊತೆಗೆ ರೇಬಿಸ್. ಇಲಿಜ್ವರ ಇರುವ ಊರುಗಳಲ್ಲಿ ಲೆಪ್ಟೊ ಕೂಡ ಕಡ್ಡಾಯದ ಸಾಲಿಗೇ ಸೇರುತ್ತದೆ ಎಂದು ಡಬ್ಲ್ಯುಎಸ್‌ಎವಿಎ ಎಂಬ ಜಾಗತಿಕ ಪಶುವೈದ್ಯ ಸಂಘ 2024ರ ಮಾರ್ಗಸೂಚಿಯಲ್ಲಿ ಹೇಳಿದೆ.

ಅಂಕಿ ಹೇಗೆ ಬೆಳೆಯುತ್ತದೆ ನೋಡಿ. ಹೆಪಟೈಟಿಸ್ ತರುವುದು ಅಡಿನೋವೈರಸ್ 1. ಅದನ್ನೇ ಲಸಿಕೆ ಮಾಡಿದಾಗ ಕೆಲವು ನಾಯಿಗಳ ಕಣ್ಣು ನೀಲಿಗಟ್ಟುತ್ತಿತ್ತು. ಹಾಗಾಗಿ ಈಗ ಬಾಟಲಿಯಲ್ಲಿರುವುದು ಅಡಿನೋವೈರಸ್ 2 ಮಾತ್ರ, ಅದು ಎರಡಕ್ಕೂ ರಕ್ಷಣೆ ಕೊಡುತ್ತದೆ. ಒಂದೇ ವೈರಸ್ಸು, ಎಣಿಕೆಯಲ್ಲಿ ಎರಡಾಯಿತು. ಅದರ ಜೊತೆ ಡಿಸ್ಟೆಂಪರ್, ಪಾರ್ವೋ, ಪ್ಯಾರಾಇನ್‌ಫ್ಲುಯೆಂಜಾ ಸೇರಿ ಐದು. ಲೆಪ್ಟೊದ ಎರಡು ತಳಿ ಸೇರಿದರೆ ಏಳು, ನಾಲ್ಕು ತಳಿ ಸೇರಿದರೆ ಒಂಬತ್ತು. ಹತ್ತನೆಯದು ಸಾಮಾನ್ಯವಾಗಿ ನಾಯಿಯ ಕರುಳಿನ ಕೊರೊನಾ. ಕೋವಿಡ್‌ಗೂ ಇದಕ್ಕೂ ಸಂಬಂಧವಿಲ್ಲ. ಈ ಕೊರೊನಾ ಲಸಿಕೆಯನ್ನು ಡಬ್ಲ್ಯುಎಸ್‌ಎವಿಎ ಶಿಫಾರಸು ಮಾಡುವುದೇ ಇಲ್ಲ. ಅದಕ್ಕಾಗಿ ಹೆಚ್ಚು ದುಡ್ಡು ಕೊಡಬೇಕಾಗಿಲ್ಲ.

ಹಾಗಾದರೆ ನಿಜವಾದ ವ್ಯತ್ಯಾಸ ಇರುವುದು 7ಕ್ಕೂ 9ಕ್ಕೂ ನಡುವೆ, ಅದೂ ಲೆಪ್ಟೊ ವಿಷಯದಲ್ಲಿ. ಎರಡು ತಳಿಯದರಲ್ಲಿ ಕ್ಯಾನಿಕೋಲಾ, ಇಕ್ಟೆರೋಹೆಮರೇಜಿಯೇ ಇರುತ್ತವೆ. ನಾಲ್ಕರದರಲ್ಲಿ ಗ್ರಿಪ್ಪೊಟೈಫೋಸಾ ಮತ್ತು ಇನ್ನೊಂದು ತಳಿ ಸೇರುತ್ತದೆ, ಆ ಇನ್ನೊಂದು ಯಾವುದೆಂಬುದು ಕಂಪನಿ ಮೇಲೆ ಹೋಗುತ್ತದೆ. ಲೆಪ್ಟೊದಲ್ಲಿ ಒಂದು ಗುಂಪಿನ ತಳಿಗೆ ಹಾಕಿದ್ದು ಇನ್ನೊಂದು ಗುಂಪಿಗೆ ಸರಿಯಾಗಿ ಕೆಲಸ ಮಾಡದು. ಹೆಗ್ಗಣ ಓಡಾಡುವ ಸೈಟು ಇದೆ ಅಂದಿರಿ, ಹಾಗಾಗಿ ನಾಲ್ಕು ತಳಿಯದು ಸಿಕ್ಕರೆ ಅದನ್ನೇ ಹಾಕಿಸಿ. ಸಿಗದಿದ್ದರೆ ಎರಡರದನ್ನು ಸಮಯಕ್ಕೆ ಸರಿಯಾಗಿ ಹಾಕಿಸಿ, ಕಾಯುತ್ತಾ ಕೂರಬೇಡಿ.

ಬೆಣ್ಣೆದೋಸೆ

ಕಂಪನಿ ಯಾವುದು ಒಳ್ಳೇದು ಅಂತಲೂ ಹೇಳ್ರಿ ಡಾಕ್ಟ್ರೇ. ನೋಬಿವ್ಯಾಕ್, ವ್ಯಾನ್‌ಗಾರ್ಡ್, ಕ್ಯಾನಿಜೆನ್, ಮೆಗಾವ್ಯಾಕ್… ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಪಶುವೈದ್ಯ_ದುರ್ಗ

ಹೆಸರಿಗಿಂತ ಫ್ರಿಜ್ಜು ಮುಖ್ಯ. ಯಾವುದೇ ಹೆಸರಾಂತ ಕಂಪನಿಯದಾದರೂ ಸರಿ. ಮೊದಲು ಹಾಕಿದ ಕಂಪನಿಯದೇ ಮುಂದೆಯೂ ಬೇಕೆಂಬ ಹಟ ಡಿಸ್ಟೆಂಪರ್, ಪಾರ್ವೋ, ಹೆಪಟೈಟಿಸ್‌ಗೆ ಬೇಕಿಲ್ಲ. ಲೆಪ್ಟೊದ ಮೊದಲ ಎರಡು ಡೋಸ್ ಮಾತ್ರ ಒಂದೇ ಕಂಪನಿಯದಾದರೆ ಒಳ್ಳೆಯದು, ಏಕೆಂದರೆ ಒಳಗಿನ ತಳಿಗಳು ಬೇರೆ ಬೇರೆ.

ಮುಖ್ಯವಾದ ಮಾತು ಮೂರು ಸೂಜಿಯ ಲೆಕ್ಕದ್ದು. ನಮ್ಮಲ್ಲಿ ರೂಢಿ 45ನೇ ದಿನ, ಆಮೇಲೆ 21 ದಿನ, ಮತ್ತೆ 21 ದಿನ. ಅಂದರೆ 45, 66, 87. ನಿಮ್ಮ ಮರಿಗೆ ಜುಲೈ 25, ಆಗಸ್ಟ್ 15, ಸೆಪ್ಟೆಂಬರ್ 5. ಕಾರ್ಡಿನಲ್ಲಿ ಮೂರು ಸ್ಟಿಕ್ಕರ್ ಬೀಳುತ್ತವೆ, ‘ಕೋರ್ಸ್ ಮುಗೀತು’ ಅಂತ ಎಲ್ಲರೂ ಸಮಾಧಾನವಾಗುತ್ತಾರೆ. ಆದರೆ 87ನೇ ದಿನ ಅಂದರೆ ಹನ್ನೆರಡೂವರೆ ವಾರ. ಕೊನೆಯ ಡೋಸ್ ಬೀಳಬೇಕಾದ್ದು 16 ವಾರ ತುಂಬಿದ ಮೇಲೆ, ಅಂದರೆ 112ನೇ ದಿನ ಅಥವಾ ಅದರ ನಂತರ.

ಕಾರಣ ಇದು. ಮರಿ ಹುಟ್ಟಿದ ದಿನ ಕುಡಿಯುವ ಗಿಣ್ಣುಹಾಲಿನಲ್ಲಿ ತಾಯಿಯ ಪ್ರತಿಕಾಯಗಳು ಬರುತ್ತವೆ. ಅವು ಮರಿಯ ರಕ್ತದಲ್ಲಿ ಇರುವಷ್ಟು ದಿನ ಲಸಿಕೆಯ ವೈರಸ್ಸನ್ನೂ ಹೊರಗಿನ ವೈರಸ್ ಅಂತಲೇ ಹೊಡೆದುಹಾಕುತ್ತವೆ. ಸೂಜಿ ಬಿದ್ದರೂ ಮರಿಯ ದೇಹ ಏನೂ ಕಲಿಯುವುದಿಲ್ಲ. ಈ ಪ್ರತಿಕಾಯ ಕೆಲವು ಮರಿಗಳಲ್ಲಿ 8 ವಾರಕ್ಕೇ ಇಳಿಯುತ್ತದೆ, ಕೆಲವಕ್ಕೆ 14, 16 ವಾರ ಹಿಡಿಯುತ್ತದೆ. ಒಂದೇ ಸೂಲಿನ ಅಕ್ಕತಂಗಿ ಮರಿಗಳಲ್ಲೂ ಒಂದೇ ಹೊತ್ತಿಗೆ ಇಳಿಯದು. ಯಾವ ಮರಿಗೆ ಯಾವಾಗ ಅಂತ ಹೊರಗಿನಿಂದ ಕಾಣದ್ದರಿಂದಲೇ ಮತ್ತೆ ಮತ್ತೆ ಹಾಕುವುದು. ಮೂರು ಸೂಜಿ ಸೇರಿ ಶಕ್ತಿ ಕೂಡುತ್ತದೆ ಅಂತಲ್ಲ, ಯಾವುದೋ ಒಂದು ಸರಿಯಾದ ಹೊತ್ತಿಗೆ ಬೀಳಲಿ ಅಂತ. ಆ ಸರದಿಯಲ್ಲಿ ಕೊನೆಯದೇ ಎಲ್ಲಕ್ಕಿಂತ ಬೆಲೆಬಾಳುವುದು.

‘ಮೂರು ಸೂಜಿ ಆಗಿತ್ತು ಸಾರ್, ಆದರೂ ನಾಲ್ಕನೇ ತಿಂಗಳಲ್ಲಿ ಪಾರ್ವೋ ಬಂತು’ ಅನ್ನುವ ಕಾರ್ಡುಗಳಲ್ಲಿ ಮೊದಲು ನೋಡಬೇಕಾದ್ದು ಕೊನೆಯ ತಾರೀಕು. ಕಂಪನಿಯನ್ನು ಬೈಯುವುದು ಆಮೇಲೆ.

ವಿದ್ಯಾನಗರ_ದಾವಣಗೆರೆ

ಹಾಗಾದ್ರೆ ನನ್ನ ಮರಿಗೆ ತಾರೀಕು ಸಮೇತ ಹೇಳ್ತೀರಾ ಸಾರ್?

ಪಶುವೈದ್ಯ_ದುರ್ಗ

ಆಗಸ್ಟ್ 15ಕ್ಕೆ ಡಿಎಚ್‌ಪಿಪಿಐ (ಮೇಲೆ ಹೇಳಿದ ಡಿ, ಎಚ್, ಪಿ, ಪಿಐ ನಾಲ್ಕೂ ಸೇರಿದ್ದು) ಜೊತೆ ಲೆಪ್ಟೊದ ಮೊದಲ ಡೋಸ್. ಲೆಪ್ಟೊ 8 ವಾರ ತುಂಬಿದ ಮೇಲೆ ಶುರು ಮಾಡಬಹುದು, ಅಷ್ಟೊತ್ತಿಗೆ ಆಗಿರುತ್ತದೆ. ಸೆಪ್ಟೆಂಬರ್ 5ಕ್ಕೆ ಡಿಎಚ್‌ಪಿಪಿಐ, ಲೆಪ್ಟೊದ ಎರಡನೆಯದು, ರೇಬಿಸ್‌ನ ಮೊದಲನೆಯದು. ರೇಬಿಸ್‌ಗೆ 12 ವಾರ ತುಂಬಬೇಕು, ನಿಮ್ಮ ಮರಿಗೆ ಅದು ಸೆಪ್ಟೆಂಬರ್ 2ಕ್ಕೆ ತುಂಬುತ್ತದೆ. 112ನೇ ದಿನ ಸೆಪ್ಟೆಂಬರ್ 30, ಹಾಗಾಗಿ ಅಕ್ಟೋಬರ್ 1ಕ್ಕೆ ಡಿಎಚ್‌ಪಿಪಿಐನ ಕೊನೆಯದು. ಬೀದಿನಾಯಿ ಹೆಚ್ಚಿರುವ ಕಡೆ ರೇಬಿಸ್‌ನ ಎರಡನೆಯದನ್ನೂ ಅದೇ ದಿನ ಹಾಕಿಸುವುದು ಒಳ್ಳೆಯದು. ಮೊದಲ ರೇಬಿಸ್ ಸೂಜಿ ಬಿದ್ದ ಮಾರನೇ ದಿನವೇ ರಕ್ಷಣೆ ಬಂತು ಅಂದುಕೊಳ್ಳಬೇಡಿ, ಮೂರ್ನಾಲ್ಕು ವಾರ ಬೇಕು.

ಇನ್ನೊಂದು ಉಳಿಯುತ್ತದೆ. 16 ವಾರದ ಡೋಸ್ ಕೂಡ ತಾಯಿಯ ಪ್ರತಿಕಾಯದಿಂದ ಕೆಟ್ಟ ಮರಿಗಳು ಕೆಲವು ಇರುತ್ತವೆ. ಮೊದಲೆಲ್ಲ ಅದಕ್ಕೆ ಒಂದು ವರ್ಷಕ್ಕೆ ಬೂಸ್ಟರ್ ಅಂತಿತ್ತು. ಈಗ 26 ವಾರಕ್ಕೆ, ಅಂದರೆ ಆರು ತಿಂಗಳಿಗೇ ಹಾಕಿಸಿ ಅನ್ನುತ್ತಾರೆ. ನಿಮ್ಮ ಮರಿಗೆ ಡಿಸೆಂಬರ್ 9ರ ನಂತರ.

ಔಷಧಿ_ಅಂಗಡಿ_ಪಿಬಿ_ರಸ್ತೆ

ಫ್ರಿಜ್ಜಿನ ಮಾತು ಬಂತಲ್ಲ, ಅದನ್ನ ಸ್ವಲ್ಪ ಬಿಡಿಸಿ ಹೇಳಬೇಕು. ಇದರಲ್ಲಿ ಕೆಡೋದೇ ಜಾಸ್ತಿ.

ಲಸಿಕೆ 2ರಿಂದ 8 ಡಿಗ್ರಿ ಒಳಗೇ ಇರಬೇಕು. ಬಿಸಿಲಿಗೆ ಕೆಡುತ್ತೆ ಅಂತ ಎಲ್ಲರಿಗೂ ಗೊತ್ತು, ಹೆಪ್ಪುಗಟ್ಟಿದ್ರೂ ಕೆಡುತ್ತೆ ಅಂತ ಬಹಳ ಜನಕ್ಕೆ ಗೊತ್ತಿಲ್ಲ. ರೇಬಿಸ್ ಬಾಟಲಿಯಲ್ಲಿ ಸಾಮಾನ್ಯವಾಗಿ ಅಲ್ಯೂಮಿನಿಯಂ ಉಪ್ಪು ಸೇರಿರುತ್ತೆ. ಐಸ್ ಆಗಿ ಕರಗಿದ್ರೆ ಅದು ಗಂಟುಗಂಟಾಗಿ ಒಡೆಯುತ್ತೆ. ಅಲುಗಾಡಿಸಿ ಇಟ್ಟರೆ ಬೇಗ ತಳಕ್ಕೆ ಕೂರುತ್ತೆ, ಮೇಲೆ ತಿಳಿನೀರು ನಿಲ್ಲುತ್ತೆ. ಅಂಥದ್ದನ್ನ ಹಾಕಿಸಬೇಡಿ. ಹಂಗಾಗಿ ಫ್ರೀಜರ್ ಪಕ್ಕದ ಅರೆಯಲ್ಲೂ ಇಡಬಾರದು, ಬಾಗಿಲಲ್ಲೂ ಇಡಬಾರದು. ನಡುವಿನ ಅರೆ ಸರಿ.

ಡಿಎಚ್‌ಪಿಪಿಐ ಒಣಗಿಸಿದ ಬಿಲ್ಲೆ ಥರ ಇರುತ್ತೆ, ಜೊತೆಗೆ ದ್ರವದ ಬಾಟಲಿ. ಬಿಲ್ಲೆ ಇಡಿಯಾಗಿ ಬೆಳ್ಳಗೆ ಇರಬೇಕು. ಕುಗ್ಗಿ ಅಂಟಂಟಾಗಿ ಗಾಜಿಗೆ ಹತ್ತಿದ್ರೆ ಬೇಡ ಅನ್ನಿ. ಡಾಕ್ಟರು ಸೂಜಿ ಚುಚ್ಚಿದಾಗ ದ್ರವ ತಾನಾಗೇ ಒಳಗೆ ಎಳ್ಕೊಂಡು ಹೋದ್ರೆ ಬಾಟಲಿಯ ನಿರ್ವಾತ ಉಳಿದಿದೆ ಅಂತ ಅರ್ಥ. ಕರಗಿಸಿದ ಮೇಲೆ ಅರ್ಧ ಗಂಟೆಯೊಳಗೆ ಹಾಕಿಬಿಡಬೇಕು. ಬೆಳಿಗ್ಗೆ ಕರಗಿಸಿಟ್ಟು ಮಧ್ಯಾಹ್ನ ಹಾಕಿದ್ರೆ ಎಲ್ಲಕ್ಕಿಂತ ಮೊದಲು ಸಾಯೋದು ಡಿಸ್ಟೆಂಪರ್ ಭಾಗ. ಕಣ್ಣಿಗೆ ಏನೂ ಗೊತ್ತಾಗಲ್ಲ.

ಕ್ಲಿನಿಕ್‌ಗೆ ಹೋಗಿ ಅಲ್ಲೇ ಇಟ್ಟಿರೋದನ್ನ ಹಾಕಿಸೋದೇ ಉತ್ತಮ. ಅಂಗಡಿಯಿಂದ ಒಯ್ಯಲೇಬೇಕಾದ್ರೆ ಅಗಲ ಬಾಯಿ ಫ್ಲಾಸ್ಕು ತನ್ನಿ. ಐಸ್ ಪ್ಯಾಕ್ ಫ್ರೀಜರ್‌ನಿಂದ ತೆಗೆದು, ಅಲುಗಾಡಿಸಿದ್ರೆ ಒಳಗೆ ನೀರು ಸದ್ದಾಗುವವರೆಗೂ ಹೊರಗಿಟ್ಟು, ಆಮೇಲೆ ಬಳಸಿ. ಬಾಟಲಿಗೆ ಪೇಪರ್ ಸುತ್ತಿ, ಐಸ್ ನೇರ ತಾಗಬಾರದು. ಏಪ್ರಿಲ್ ಬಿಸಿಲಲ್ಲಿ ಬೈಕಿನ ಡಿಕ್ಕಿಯೊಳಗೆ ಪ್ಲಾಸ್ಟಿಕ್ ಕವರಲ್ಲಿ ಹಾಕ್ಕೊಂಡು ಹೋದ್ರೆ ದುಡ್ಡು ದಂಡ.

ಬೆಣ್ಣೆದೋಸೆ

ಅಂಗಡಿಯಿಂದ ತಂದು ನಾವೇ ಹಾಕ್ಕೊಂಡ್ರೆ ಏನ್ರಿ? ಇನ್ಸುಲಿನ್ ಹಾಕ್ಕೊಳೋ ಮನೆ ಎಷ್ಟಿಲ್ಲ.

ಪಶುವೈದ್ಯ_ದುರ್ಗ

ಚುಚ್ಚುವುದು ಕಷ್ಟದ ಕೆಲಸವಲ್ಲ ಅಣ್ಣಾ. ಚುಚ್ಚಿದ ಮೇಲೆ ಅಲರ್ಜಿ ಆದರೆ ಮನೆಯಲ್ಲಿ ಏನು ಮಾಡುತ್ತೀರಿ ಅನ್ನುವುದು ಪ್ರಶ್ನೆ. ಹೆಚ್ಚಿನ ತೀವ್ರ ಅಲರ್ಜಿಗಳು ಮೊದಲ ಅರ್ಧ ಗಂಟೆಯಲ್ಲೇ ಕಾಣಿಸುತ್ತವೆ. ಮುಖ, ತುಟಿ, ಕಣ್ಣುರೆಪ್ಪೆ ಊದುತ್ತವೆ, ಮೈಮೇಲೆ ದದ್ದು ಏಳುತ್ತದೆ, ವಾಂತಿ, ಒಸಡು ಬೆಳ್ಳಗಾಗುವುದು, ಕುಸಿದು ಬೀಳುವುದು. ಆಗ ಬೇಕಾದ್ದು ಅಡ್ರಿನಲಿನ್ ಮತ್ತು ಅದನ್ನು ಕೊಡಲು ಬಲ್ಲ ಕೈ. ಅದಕ್ಕೇ ಸೂಜಿ ಆದ ಮೇಲೆ ಅರ್ಧ ಗಂಟೆ ಕ್ಲಿನಿಕ್ ಹೊರಗೆ ನೆರಳಲ್ಲಿ ಕೂರಿ ಅನ್ನುವುದು. ಒಂದೆರಡು ದಿನ ಮಂಕು, ಸಣ್ಣ ಜ್ವರ, ಊಟ ಕಡಿಮೆ, ಚುಚ್ಚಿದ ಜಾಗದಲ್ಲಿ ಗೋಲಿಯಷ್ಟು ಗಂಟು ಇವು ಮಾಮೂಲು. ಗಂಟು ಎರಡು ಮೂರು ವಾರದಲ್ಲಿ ಕರಗುತ್ತದೆ. ಜ್ವರ ಬಂತು ಅಂತ ನಮ್ಮ ಪ್ಯಾರಸಿಟಮಾಲ್, ಐಬುಪ್ರೊಫೆನ್ ಕೊಡಬೇಡಿ.

ಕೈತಪ್ಪುಗಳೂ ಇವೆ. ಉದ್ದ ಕೂದಲಿನ ನಾಯಿಗೆ ಚರ್ಮ ಎತ್ತಿ ಚುಚ್ಚುವಾಗ ಸೂಜಿ ಆ ಕಡೆಯಿಂದ ಹೊರಬಂದು ಔಷಧಿ ಕೂದಲಿಗೆ ಹೋಗುತ್ತದೆ. ಚುಚ್ಚಿದ ಮೇಲೆ ಅಲ್ಲಿ ಬೆರಳಾಡಿಸಿ, ಒದ್ದೆ ಇದ್ದರೆ ಡೋಸ್ ಒಳಗೆ ಹೋಗಿಲ್ಲ. ಇನ್ನು ಸ್ಪಿರಿಟ್‌ನಲ್ಲಿ ಚೆನ್ನಾಗಿ ಒರೆಸಿ ತಕ್ಷಣ ಚುಚ್ಚುವ ಅಭ್ಯಾಸ. ಡಿಎಚ್‌ಪಿಪಿಐ ಜೀವಂತ ಲಸಿಕೆ, ಸ್ಪಿರಿಟ್ ತಾಗಿದರೆ ಅದು ಸಾಯಬಹುದು. ಸ್ಪಿರಿಟ್ ಬೇಡವೇ ಬೇಡ. ಪಮೇರಿಯನ್‌ಗೆ ಅರ್ಧ, ಗ್ರೇಟ್ ಡೇನ್‌ಗೆ ಒಂದು ಅನ್ನುವ ಲೆಕ್ಕವೂ ತಪ್ಪು. ಎಲ್ಲಕ್ಕೂ ಪೂರ್ತಿ ಡೋಸ್, ಹೆಚ್ಚಿನ ಬಾಟಲಿಗಳಲ್ಲಿ ಅದು 1 ಮಿಲಿ. ಮೈತೂಕಕ್ಕೆ ಲಸಿಕೆ ಅಳೆಯುವುದಿಲ್ಲ.

ಸಣ್ಣ ನಾಯಿಗೆ ಮಾಡಬಹುದಾದ್ದು ಬೇರೆ. ಪಮೇರಿಯನ್, ಪಗ್, ಡ್ಯಾಶ್‌ಹಂಡ್‌ಗಳಲ್ಲಿ ಒಂದೇ ದಿನ ಹಲವು ಲಸಿಕೆ ಬಿದ್ದಷ್ಟೂ ಅಲರ್ಜಿ ಸಂಭವ ಏರುತ್ತದೆ. ಅವಕ್ಕೆ ರೇಬಿಸ್ಸನ್ನು ಬೇರೆ ದಿನ ಹಾಕಿಸಿ, ನಡುವೆ ಕನಿಷ್ಠ ಎರಡು ವಾರ ಬಿಡಿ. ಲ್ಯಾಬ್ರಡಾರ್‌ಗೆ ಆ ಚಿಂತೆ ಕಡಿಮೆ.

ಭದ್ರಾ_ನಾಲೆ

ಮಲೇಬೆನ್ನೂರು, ಹರಿಹರ, ಹೊನ್ನಾಳಿ ಕಡೆಯವರು ಲೆಪ್ಟೊ ಬಿಡಲೇಬೇಡಿ. ಗದ್ದೆಗೆ ನೀರು ಬಿಟ್ಟಾಗ ಬದುವಿನ ಬಿಲದಲ್ಲಿರೋ ಇಲಿಗಳೆಲ್ಲ ಮೇಲೆ ಬರ್ತವೆ. ಅವುಗಳ ಉಚ್ಚೆಯಿಂದ ರೋಗಾಣು ನಿಂತ ನೀರಿಗೆ ಸೇರುತ್ತೆ. ನಾಯಿ ಆ ನೀರು ಕುಡೀಬೇಕು ಅಂತಿಲ್ಲ, ಕಾಲಲ್ಲಿ ಗಾಯ ಇದ್ದು ಕೆಸರಲ್ಲಿ ಓಡಾಡಿದ್ರೂ ಸಾಕು. ರೈಸ್ ಮಿಲ್, ಗೋದಾಮು, ಎಪಿಎಂಸಿ ಆವರಣದ ಕಾವಲು ನಾಯಿಗಳಿಗೂ ಅದೇ ಮಾತು. ನಾಯಿಗೆ ಬಂದ್ರೆ ಅದರ ಉಚ್ಚೆಯಿಂದ ಮನೆಯವರಿಗೂ ಬರುತ್ತೆ. ಜ್ವರ, ವಾಂತಿ, ಕಣ್ಣು ಒಸಡು ಹಳದಿ, ಉಚ್ಚೆ ಕಂದು ಬಣ್ಣ ಕಂಡರೆ ತೊಳೆಯುವಾಗ ಗ್ಲೌಸ್ ಹಾಕ್ಕೊಳ್ಳಿ.

ಲೆಪ್ಟೊ ಒಂದೇ ಡೋಸ್ ಹಾಕಿ ಬಿಟ್ಟರೆ ನಂಬೋಕಾಗಲ್ಲ. ಎರಡು ಡೋಸ್, ನಡುವೆ 2ರಿಂದ 4 ವಾರ, ಆಮೇಲೆ ವರ್ಷಕ್ಕೊಂದು. ವರ್ಷದ್ದು ಮೂರ್ನಾಲ್ಕು ತಿಂಗಳಿಗಿಂತ ಹೆಚ್ಚು ತಡವಾದರೆ ಸಾಮಾನ್ಯವಾಗಿ ಮತ್ತೆ ಎರಡರಿಂದ ಶುರು. ವರ್ಷದ ಡೋಸ್ ಬೀಳುವ ತಿಂಗಳನ್ನ ಮೇ ಕೊನೆಗೆ ಹೊಂದಿಸಿಕೊಂಡರೆ ಮಳೆಗಾಲಕ್ಕೆ ರಕ್ಷಣೆ ಗಟ್ಟಿ ಇರುತ್ತೆ. ಅದಕ್ಕೆ ಮೊದಲ ವರ್ಷ ಸ್ವಲ್ಪ ಬೇಗ ಹಾಕಿಸಬೇಕಾಗುತ್ತೆ, ಅಷ್ಟೇ.

ಬೆಣ್ಣೆದೋಸೆ

ಹಂಗಾದ್ರೆ ಪ್ರತಿವರ್ಷ ಪೂರ್ತಿ 9-ಇನ್-1 ಯಾಕೆ ಹಾಕ್ತಾರೆ? ಹೊರದೇಶದಲ್ಲಿ ಮೂರು ವರ್ಷಕ್ಕೊಮ್ಮೆ ಅಂತಾರಲ್ಲ. ಇದು ಬರೀ ವ್ಯಾಪಾರ ಅಲ್ವಾ?

ಪಶುವೈದ್ಯ_ದುರ್ಗ

ಅರ್ಧ ಸರಿ. ಮರಿಯ ಸರದಿ ಪೂರ್ತಿಯಾಗಿ, 26 ವಾರದ್ದೂ ಆದ ಮೇಲೆ ಡಿಸ್ಟೆಂಪರ್, ಪಾರ್ವೋ, ಹೆಪಟೈಟಿಸ್ ಲಸಿಕೆ ಮೂರು ವರ್ಷಕ್ಕೊಮ್ಮೆಗಿಂತ ಹೆಚ್ಚು ಸಲ ಬೇಕಿಲ್ಲ. ವರ್ಷ ವರ್ಷ ಬೇಕಾದ್ದು ಲೆಪ್ಟೊ. ರೇಬಿಸ್ ಬಾಟಲಿಯ ಮೇಲೆ ಕೆಲವದಕ್ಕೆ ಒಂದು ವರ್ಷ, ಕೆಲವದಕ್ಕೆ ಮೂರು ವರ್ಷ ಅಂತ ಬರೆದಿರುತ್ತದೆ. ಬೀದಿಯಲ್ಲಿ ರೇಬಿಸ್ ಓಡಾಡುವ ನಮ್ಮಂಥ ಕಡೆ ವರ್ಷಕ್ಕೊಮ್ಮೆ ಹಾಕಿಸುವುದೇ ನನ್ನ ಸಲಹೆ. ಕಚ್ಚಿದ ಪ್ರಕರಣದಲ್ಲಿ ಮೊದಲು ಕೇಳುವುದೂ ‘ಕೊನೆಯ ಸೂಜಿ ಯಾವಾಗ’ ಅಂತಲೇ.

ಪ್ರತಿವರ್ಷ ಎಲ್ಲವನ್ನೂ ಹಾಕಲು ಒಂದು ಕಾರಣ ಪ್ಯಾಕಿಂಗ್. ಲೆಪ್ಟೊ ದ್ರವದಲ್ಲೇ ಡಿಎಚ್‌ಪಿಪಿಐ ಬಿಲ್ಲೆ ಕರಗಿಸುವ ಜೋಡಿ ಬಾಟಲಿಗಳೇ ಹೆಚ್ಚು ಬರುತ್ತವೆ. ಲೆಪ್ಟೊ ಒಂದೇ ಬೇಕೆಂದರೆ ಒಂದು ವಾರ ಮುಂಚೆ ಹೇಳಿಡಿ, ತರಿಸಿಕೊಡುತ್ತಾರೆ. ಮರಿಯಾಗಿದ್ದಾಗಿನ ಕಾರ್ಡೇ ಇಲ್ಲದ ನಾಯಿಗೆ, ಕೊನೆಯ ಡೋಸ್ 87ನೇ ದಿನಕ್ಕೇ ನಿಂತ ನಾಯಿಗೆ ಈ ಮೂರು ವರ್ಷದ ಲೆಕ್ಕ ಅನ್ವಯಿಸದು. ಅವಕ್ಕೆ ಮೊದಲು ಒಂದು ಡಿಎಚ್‌ಪಿಪಿಐ ಹಾಕಿಸಿ, ಆಮೇಲೆ ಎಣಿಸಿ.

ಚಳ್ಳಕೆರೆ_ಹಟ್ಟಿ

ಕುರಿಹಟ್ಟಿ ನಾಯಿಗಳಿಗೆ ಈ ನಾಲ್ಕೈದು ಸಲದ ಓಡಾಟ ಆಗೋದಿಲ್ಲ. ಕುರಿ ಹಿಂದೆ ವಲಸೆ ಹೋದ್ರೆ ತಿಂಗಳುಗಟ್ಟಲೆ ಸಿಗಲ್ಲ. ಹಂಗಿದ್ದವರು 16 ವಾರ ದಾಟಿದ ಮೇಲೆ ಒಂದೇ ಸಲ ಹಿಡಿದು ಡಿಎಚ್‌ಪಿಪಿಐ ಒಂದು, ರೇಬಿಸ್ ಒಂದು ಹಾಕ್ಸಿ. ಆ ವಯಸ್ಸಿಗೆ ತಾಯಿ ಪ್ರತಿಕಾಯ ಹೆಚ್ಚಿನವಕ್ಕೆ ಇಳಿದಿರುತ್ತೆ, ಜೀವಂತ ಲಸಿಕೆ ಒಂದೇ ಡೋಸ್‌ಗೂ ಚೆನ್ನಾಗಿ ಹತ್ತುತ್ತೆ. 2ರಿಂದ 4 ವಾರದಲ್ಲಿ ಇನ್ನೊಂದು ಆದ್ರೆ ಇನ್ನೂ ಒಳ್ಳೇದು.

ಜಂತುಹುಳು ಔಷಧಿ ಮಾತ್ರ ಮರೀಬೇಡಿ. ಕುರಿ ಕೊಯ್ದಾಗ ಲಿವರು, ಶ್ವಾಸಕೋಶದಲ್ಲಿ ನೀರುಗುಳ್ಳೆ ಕಾಣುತ್ತಲ್ಲ, ಅದನ್ನ ಕಿತ್ತು ನಾಯಿಗೆ ಎಸೀತಾರೆ. ಆ ಗುಳ್ಳೆಯೊಳಗಿರೋದು ಲಾಡಿಹುಳುವಿನ ಮರಿ. ನಾಯಿಯ ಕರುಳಲ್ಲಿ ಬೆಳೆದು ಮೊಟ್ಟೆ ಇಡುತ್ತೆ, ಆ ಮೊಟ್ಟೆ ಹುಲ್ಲಿಗೆ, ನೀರಿಗೆ, ನಾಯಿ ಮುಟ್ಟಿದ ಮಕ್ಕಳ ಕೈಗೆ ಬರುತ್ತೆ. ಮನುಷ್ಯರ ಲಿವರಲ್ಲೂ ಅದೇ ಗುಳ್ಳೆ ಆಗುತ್ತೆ. ಗುಳ್ಳೆ ಇರೋ ಭಾಗ ಸುಡಿ, ಇಲ್ಲ ನಾಯಿ ಕೆದರದಷ್ಟು ಆಳಕ್ಕೆ ಹೂಳಿ. ಪ್ರಾಜಿಕ್ವಾಂಟೆಲ್ ಇರೋ ಮಾತ್ರೆಯನ್ನೇ ಕೇಳಿ ತಗೊಳ್ಳಿ, ಪ್ರತಿ ಕೆ.ಜಿ. ಮೈತೂಕಕ್ಕೆ 5 ಮಿ.ಗ್ರಾಂ. ಅಂಗಡಿಯಲ್ಲಿ ಸಿಗೋ ಮೂರು ಔಷಧಿ ಸೇರಿದ ಮಾತ್ರೆಯಲ್ಲಿ ಸಾಮಾನ್ಯವಾಗಿ ಅದು 50 ಮಿ.ಗ್ರಾಂ. ಇರುತ್ತೆ, ಅಂದ್ರೆ 10 ಕೆ.ಜಿ.ಗೆ ಒಂದು ಮಾತ್ರೆ. ಕಣ್ಣಳತೆ ಬೇಡ. ನಾಯಿ ಎತ್ಕೊಂಡು ತೂಕದ ಯಂತ್ರದ ಮೇಲೆ ನಿಂತು ನಿಮ್ಮ ತೂಕ ಕಳೀರಿ.

ಪಶುವೈದ್ಯ_ದುರ್ಗ

ಒಳ್ಳೆಯ ವಿಷಯ ಎತ್ತಿದಿರಿ. ಮರಿಗಳಿಗೆ ಜಂತುಹುಳು ಔಷಧಿ ಎರಡನೇ ವಾರದಿಂದಲೇ ಶುರು, ಏಕೆಂದರೆ ದುಂಡುಹುಳು ತಾಯಿ ಹೊಟ್ಟೆಯಲ್ಲೇ ಬರುತ್ತದೆ, ಕೊಕ್ಕೆಹುಳು ಹಾಲಿನಲ್ಲಿ ಬರುತ್ತದೆ. ಎರಡು ವಾರಕ್ಕೊಮ್ಮೆ 8 ವಾರದವರೆಗೆ, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ನಂತರ ಮೂರು ತಿಂಗಳಿಗೊಮ್ಮೆ. ಲಸಿಕೆಗೆ ಒಂದು ವಾರ ಮುಂಚೆ ಕೊಟ್ಟರೆ ಅನುಕೂಲ. ಆದರೆ ‘ಜಂತು ಔಷಧಿ ಆಗಿಲ್ಲ, ಅದಕ್ಕೆ ಲಸಿಕೆ ಮುಂದಕ್ಕೆ’ ಅಂತ ವಾರಗಟ್ಟಲೆ ದೂಡಬೇಡಿ. ಜ್ವರ, ಭೇದಿ, ಒಸಡು ಬಿಳಚಿದ್ದು, ಮೈತುಂಬ ಉಣುಗು ಇದ್ದು ಮಂಕಾಗಿದ್ದರೆ ಮಾತ್ರ ಮುಂದಕ್ಕೆ ಹಾಕಿ. ಉಣುಗಿನಿಂದ ಬರುವ ಎರ್ಲಿಕಿಯಾ, ಬಬೇಸಿಯಾ ಜ್ವರಗಳಿಗೆ ಈ ಯಾವ ‘ಇನ್-1’ ಬಾಟಲಿಯಲ್ಲೂ ರಕ್ಷಣೆ ಇಲ್ಲ, ಅದಕ್ಕೆ ಉಣುಗು ನಿವಾರಣೆಯೇ ದಾರಿ.

ವಿದ್ಯಾನಗರ_ದಾವಣಗೆರೆ

ಹೊರಗೆ ಬಿಡೋದು ಯಾವಾಗ ಅಂತ ಯಾರೂ ಹೇಳಲಿಲ್ಲ. ಪಕ್ಕದ ಮನೆಯಲ್ಲಿ ಹೋದ ತಿಂಗಳು ಒಂದು ಮರಿ ಪಾರ್ವೋದಿಂದ ಸತ್ತಿದೆ, ಅವರು ಅಂಗಳಕ್ಕೆ ಫಿನೈಲ್ ಹಾಕಿ ತೊಳೆದಿದ್ದಾರಂತೆ.

ಚಂದ್ರವಳ್ಳಿ_ಕೆನಲ್

ಫಿನೈಲ್‌ಗೆ ಪಾರ್ವೋ ಸಾಯಲ್ಲ ಅಕ್ಕಾ. ಡೆಟಾಲ್‌ಗೂ ಇಲ್ಲ. ವಾಸನೆ ಹೋಗುತ್ತೆ, ವೈರಸ್ಸು ಇರುತ್ತೆ. ಬೇಕಾದ್ದು ಸೋಡಿಯಂ ಹೈಪೋಕ್ಲೋರೈಟ್, ಅಂಗಡಿಯಲ್ಲಿ ಬಟ್ಟೆ ಬಿಳುಪು ಮಾಡಲು ಸಿಗೋ ದ್ರವ. ಅದು 4ರಿಂದ 5 ಶೇಕಡಾದ್ದು ಇದ್ರೆ 100 ಮಿಲಿಗೆ 3 ಲೀಟರ್ ನೀರು. ಹಳೇ ಬಾಟಲಿ ಬೇಡ, ಬಿಸಿಲಿಗೆ ಇಟ್ಟದ್ದರಲ್ಲಿ ಕ್ಲೋರಿನ್ ಹಾರಿಹೋಗಿರುತ್ತೆ.

ಕ್ರಮ ತಪ್ಪಿದ್ರೆ ಅದೂ ಕೆಲಸ ಮಾಡಲ್ಲ. ಮೊದಲು ಹೇಲು, ವಾಂತಿ, ಕೂದಲು ಪೂರ್ತಿ ತೆಗೀಬೇಕು. ಆಮೇಲೆ ಸೋಪುಪುಡಿ ಹಾಕಿ ಉಜ್ಜಿ ತೊಳೀಬೇಕು, ಯಾಕಂದ್ರೆ ಕೊಳೆ ಇದ್ದ ಕಡೆ ಕ್ಲೋರಿನ್ ಕೊಳೆ ಮೇಲೇ ಖರ್ಚಾಗಿಬಿಡುತ್ತೆ. ಸೋಪು ಹೋದ ಮೇಲೆ ಬ್ಲೀಚ್ ನೀರು ಹೊಯ್ದು 10 ನಿಮಿಷ ನೆಲ ಒದ್ದೆಯಾಗೇ ಇರಬೇಕು, ಒಣಗಿದ್ರೆ ಇನ್ನೊಂದು ಚೊಂಬು. ಆಮೇಲೆ ನೀರು ಹಾಕಿ ತೊಳೀರಿ. ಟಾಯ್ಲೆಟ್ ಆಸಿಡ್ ಜೊತೆ ಬೆರೆಸಬೇಡಿ, ವಿಷಗಾಳಿ ಬರುತ್ತೆ. ಸಿಮೆಂಟು, ಕಡಪಕಲ್ಲು, ಟೈಲ್ಸು ಇದರಿಂದ ಶುದ್ಧ ಆಗುತ್ತೆ. ಮಣ್ಣಿನ ಅಂಗಳಕ್ಕೆ ಇದು ನಾಟಲ್ಲ, ಅಲ್ಲಿ ವೈರಸ್ಸು ತಿಂಗಳುಗಟ್ಟಲೆ, ವರ್ಷದವರೆಗೂ ಬದುಕುತ್ತೆ. ಪಕ್ಕದ ಮನೆಯವರ ಚಪ್ಪಲಿಯಲ್ಲೂ ನಿಮ್ಮ ಬಾಗಿಲಿಗೆ ಬರುತ್ತೆ. ಚಪ್ಪಲಿ ಹೊರಗೇ, ಎತ್ತರದಲ್ಲಿ ಇಡಿ.

ಮರಿಯನ್ನ ಕೊನೇ ಸೂಜಿ ಆಗಿ ಒಂದೆರಡು ವಾರದವರೆಗೂ ರಸ್ತೆ, ಪಾರ್ಕು, ಖಾಲಿ ಸೈಟಿನ ನೆಲಕ್ಕೆ ಬಿಡಬೇಡಿ.

ಪಶುವೈದ್ಯ_ದುರ್ಗ

ನೆಲಕ್ಕೆ ಬಿಡಬೇಡಿ ಅನ್ನುವುದು ಸರಿ, ಮನೆಯೊಳಗೇ ಕೂಡಿಹಾಕಿ ಅಂತ ಯಾರೂ ತಿಳಿಯಬಾರದು. ಮರಿ ಲೋಕಕ್ಕೆ ಹೊಂದಿಕೊಳ್ಳುವ ವಯಸ್ಸು 3ರಿಂದ 14 ವಾರದೊಳಗೆ. ನಾಲ್ಕು ತಿಂಗಳು ಗೋಡೆಯೊಳಗೇ ಬೆಳೆದ ನಾಯಿ ಆಮೇಲೆ ಆಟೋ ಸದ್ದಿಗೆ, ಅಪರಿಚಿತರಿಗೆ ಹೆದರಿ ಕಚ್ಚುತ್ತದೆ. ಎತ್ತಿಕೊಂಡು ಬೀದಿ ತೋರಿಸಿ, ಸ್ಕೂಟರ್ ಮೇಲೆ ಕೂರಿಸಿ, ಮಕ್ಕಳು ಮುದುಕರು ಮಾತಾಡಿಸಲಿ. ಲಸಿಕೆ ಪೂರ್ತಿಯಾದ, ಆರೋಗ್ಯವಾಗಿರುವ ದೊಡ್ಡ ನಾಯಿ ಇರುವ ಮನೆಗೆ ಕರೆದೊಯ್ಯಬಹುದು. ಪಾರ್ವೋ ಆದ ಮನೆಯ ಕಡೆಗೆ ಮಾತ್ರ ತಲೆಯೂ ಹಾಕಬೇಡಿ.

ತುರುವನೂರು_ರಸ್ತೆ

ಬೀದಿನಾಯಿ ಬಗ್ಗೆ ಒಂದು ಮಾತು. ಕಿವಿಯಲ್ಲಿ ಕತ್ತರಿಸಿದ ಗುರುತು ಇದ್ರೆ ಅದಕ್ಕೆ ಸಂತಾನಹರಣ ಚಿಕಿತ್ಸೆ ಆಗಿದೆ, ಜೊತೆಗೆ ರೇಬಿಸ್ ಲಸಿಕೆನೂ ಬಿದ್ದಿದೆ ಅಂತ ಅರ್ಥ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮದ ಪ್ರಕಾರ ಅದು ಸ್ಥಳೀಯ ಸಂಸ್ಥೆಯ ಹೊಣೆ. ಆದ್ರೆ ಆ ಗುರುತು ಯಾವ ವರ್ಷದ್ದು ಅಂತ ಹೇಳಲ್ಲ. ಗುರುತಿದ್ದ ನಾಯಿ ಕಚ್ಚಿದ್ರೂ ಲಸಿಕೆ ಚಾಲ್ತಿಯಲ್ಲಿದೆ ಅಂತ ನಂಬಿ ಸುಮ್ಮನಿರಬೇಡಿ. ಬೀದಿಯ ಸಣ್ಣ ಮರಿಗಳಿಗೆ 3 ತಿಂಗಳಾಗಲಿ ಅಂತ ಕಾದ್ರೆ ಮತ್ತೆ ಕೈಗೆ ಸಿಗಲ್ಲ. ಸಿಕ್ಕಾಗ ಹಾಕಿಸಿ, ಮತ್ತೆ ಸಿಕ್ಕರೆ ಇನ್ನೊಮ್ಮೆ ಹಾಕಿಸಿ. ನಾಯಿಗಳಲ್ಲಿ ಶೇ. 70ಕ್ಕೆ ಲಸಿಕೆ ಬಿದ್ದರೆ ರೇಬಿಸ್ ಸರಪಳಿ ತುಂಡಾಗುತ್ತೆ ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಸೆಪ್ಟೆಂಬರ್ 28 ವಿಶ್ವ ರೇಬಿಸ್ ದಿನ, ಆ ಹೊತ್ತಿಗೆ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಉಚಿತ ಶಿಬಿರ ಇದೆಯಾ ಅಂತ ವಿಚಾರಿಸಿ.

ಸಾಕಿದ ನಾಯಿಗೇ ಬೀದಿನಾಯಿ ಕಚ್ಚಿದ್ರೆ ಏನು ಮಾಡಬೇಕು ಅಂತ ಡಾಕ್ಟ್ರು ಹೇಳಲಿ. ಅರಿಶಿನ, ಸುಣ್ಣ, ಕಾರದಪುಡಿ ಮೆತ್ತೋರು ಇನ್ನೂ ಇದಾರೆ.

ಪಶುವೈದ್ಯ_ದುರ್ಗ

ಏನೂ ಮೆತ್ತಬೇಡಿ. ಗ್ಲೌಸ್ ಹಾಕಿ, ನಾಯಿಯ ಬಾಯಿ ಕಟ್ಟಿ, ನಲ್ಲಿ ಕೆಳಗೆ ಸೋಪು ಹಚ್ಚಿ 15 ನಿಮಿಷ ಗಾಯ ತೊಳೆಯಿರಿ. ಗಡಿಯಾರ ನೋಡಿ, ಅಂದಾಜಿಗೆ ತೊಳೆದರೆ ಎರಡು ನಿಮಿಷಕ್ಕೇ ಸಾಕೆನಿಸುತ್ತದೆ. ಆಮೇಲೆ ಪೊವಿಡೋನ್ ಅಯೋಡಿನ್. ಅದೇ ದಿನ ಪಶುವೈದ್ಯರಲ್ಲಿಗೆ ಹೋಗಿ. ಲಸಿಕೆ ಚಾಲ್ತಿಯಲ್ಲಿದ್ದರೂ ತಕ್ಷಣ ಬೂಸ್ಟರ್ ಬೇಕು. ಲಸಿಕೆಯೇ ಆಗದ ನಾಯಿಗೆ ನಮ್ಮಲ್ಲಿ ಸಾಮಾನ್ಯವಾಗಿ 0, 3, 7, 14, 28ನೇ ದಿನಗಳಂದು ಹಾಕುತ್ತಾರೆ. 0 ಅಂದರೆ ಮೊದಲ ಸೂಜಿಯ ದಿನ, ಕಚ್ಚಿದ ದಿನವಲ್ಲ. ಆ ನಾಯಿಯನ್ನು ಮಕ್ಕಳಿಂದ, ದನಗಳಿಂದ ದೂರ ಕಟ್ಟಿ, ತಿಂಗಳುಗಟ್ಟಲೆ ಗಮನಿಸಬೇಕು.

ಮನುಷ್ಯರಿಗೆ ಕಚ್ಚಿದರೆ ದಾರಿ ಬೇರೆ. ತೊಳೆದು ನೇರ ಆಸ್ಪತ್ರೆಗೆ. ಕಚ್ಚಿದ ನಾಯಿ 10 ದಿನ ಆರೋಗ್ಯವಾಗಿದ್ದರೆ ಕಚ್ಚಿದ ಹೊತ್ತಿಗೆ ಅದರ ಜೊಲ್ಲಿನಲ್ಲಿ ರೇಬಿಸ್ ಇರಲಿಲ್ಲ ಎಂದರ್ಥ. ಆದರೆ ಆ 10 ದಿನ ಸೂಜಿ ಹಾಕಿಸದೆ ಕಾಯುವುದಲ್ಲ, ಸೂಜಿ ಶುರು ಮಾಡಿ ಕಾಯುವುದು.

ಔಷಧಿ_ಅಂಗಡಿ_ಪಿಬಿ_ರಸ್ತೆ

ಕಾರ್ಡಿನ ಬಗ್ಗೆ ಹೇಳೋದು ಉಳೀತು. ‘7 ಇನ್ 1 ಡನ್’ ಅಂತ ಪೆನ್ನಲ್ಲಿ ಬರೆದದ್ದಕ್ಕೆ ಬೆಲೆ ಇಲ್ಲ. ಬಾಟಲಿ ಮೇಲಿನ ಸ್ಟಿಕ್ಕರ್ ಕಿತ್ತು ನಿಮ್ಮೆದುರೇ ಅಂಟಿಸಬೇಕು. ಎರಡು ಬಾಟಲಿ ಇದ್ರೆ ಎರಡು ಸ್ಟಿಕ್ಕರ್. ಬ್ಯಾಚ್ ನಂಬರ್, ಎಕ್ಸ್‌ಪೈರಿ, ಹಾಕಿದ ತಾರೀಕು, ಡಾಕ್ಟರ ಸಹಿ, ಅವರ ನೋಂದಣಿ ಸಂಖ್ಯೆ ಇರಬೇಕು. ಮರಿ ಮಾರೋರು ಕೊಡೋ ಕಾರ್ಡಲ್ಲಿ ಸ್ಟಿಕ್ಕರ್ ಇಲ್ಲದಿದ್ರೆ ಆ ಡೋಸ್ ಬಿದ್ದಿಲ್ಲ ಅಂತಲೇ ಲೆಕ್ಕ ಹಿಡಿದು ಮುಂದುವರೀರಿ. ಒಂದು ಹೆಚ್ಚಾದ್ರೆ ತೊಂದರೆ ಇಲ್ಲ. ಮೊಬೈಲಲ್ಲಿ ಫೋಟೋ ತೆಗೆದಿಡಿ, ಕಾರ್ಡನ್ನ ಮರಿ ಕಡಿದು ಹಾಕೋದು ಬಹಳ.

ವಿದ್ಯಾನಗರ_ದಾವಣಗೆರೆ

ಕಾರ್ಡು ತೆಗೆದು ನೋಡಿದೆ, ಡಿಪಿ ಸ್ಟಿಕ್ಕರ್ ಇದೆ, ಸಹಿನೂ ಇದೆ. ಎಲ್ಲರಿಗೂ ಥ್ಯಾಂಕ್ಸ್. ಇನ್ನೆರಡು ಕೇಳಿಬಿಡ್ತೀನಿ. ದಸರಾ ರಜೆಗೆ ಮರಿಯನ್ನ ಬೋರ್ಡಿಂಗ್‌ನಲ್ಲಿ ಬಿಡೋ ಯೋಚನೆ ಇದೆ. ಇನ್ನೊಂದು, ಡಿಸೆಂಬರ್ ಹೊತ್ತಿಗೆ ಮೊದಲ ಸಲ ಹೀಟಿಗೆ ಬಂದಿದ್ರೆ ಆ ಡೋಸ್ ಹಾಕಿಸಬಹುದಾ?

ಪಶುವೈದ್ಯ_ದುರ್ಗ

ಬೋರ್ಡಿಂಗ್‌ಗೆ ಕೆನಲ್ ಕಾಫ್ (ನಾಯಿಯಿಂದ ನಾಯಿಗೆ ಅಂಟುವ ಕೆಮ್ಮು) ಲಸಿಕೆ ಬೇಕು, ಅದು ಮೂಗಿಗೆ ಹನಿ ಹಾಕುವಂಥದ್ದು. ಬಿಡುವುದಕ್ಕೆ ಕನಿಷ್ಠ 72 ಗಂಟೆ ಮುಂಚೆ ಹಾಕಿಸಿ, ಆಮೇಲೆ ಕೆಲವು ದಿನ ಸೀನು, ಸಣ್ಣ ಕೆಮ್ಮು ಬಂದರೆ ಗಾಬರಿ ಬೇಡ. ಅಕ್ಟೋಬರ್ 1ರ ಡೋಸ್ ಆಗಿ ಎರಡು ವಾರ ತುಂಬದೆ ಇದ್ದರೆ ಈ ದಸರಾಕ್ಕೆ ಬೋರ್ಡಿಂಗ್ ಬಿಡಿ, ಗೊತ್ತಿದ್ದವರ ಮನೆಯಲ್ಲಿ ಬಿಟ್ಟು ಹೋಗಿ.

ಹೀಟಿಗೆ ಬಂದಿದ್ದರೂ ಲಸಿಕೆ ಹಾಕಿಸಬಹುದು. ಗಬ್ಬವಾಗಿದ್ದರೆ ಮಾತ್ರ ಡಿಎಚ್‌ಪಿಪಿಐ ಹಾಕುವಂತಿಲ್ಲ, ಜೀವಂತ ವೈರಸ್ ಹೊಟ್ಟೆಯ ಮರಿಗಳಿಗೆ ತಾಗಬಹುದು. ಆರು ತಿಂಗಳ ಹೆಣ್ಣಿಗೆ ಗೇಟು ಹಾರಿ ಬರುವ ಗಂಡುಗಳು ನಿಮ್ಮ ಖಾಲಿ ಸೈಟಿನಲ್ಲೇ ಇವೆ, ಹೀಟಿನ ಆ ಮೂರು ವಾರ ಒಳಗೇ ಕಟ್ಟಿ.